ಅವರೆ ಕಾಲದ ಒಂದು ಮಾತು

ಅವರೆಕಾಯಿಯ ಸೊಗಡು ಎಂದರೆ ನಮ್ಮ ಕಡೆಯ ಜನ ಪ್ರಾಣ ಬಿಡುತ್ತಾರೆ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂದು, ಡಿಸೆಂಬರ್ ಬಂದರೆ ಸಾಕು, ದೊಡ್ಡಬಳ್ಳಾಪುರದ ಸಂತೆಯಲ್ಲಿ ಕಾಯಿಯನ್ನು ಮೂಗಿಗೆ ಹಿಡಿದು ನೋಡಿಯೇ ಚೀಲ ಚಾಚುತ್ತಾರೆ. ನನಗೆ ಮಾತ್ರ ಆ ವಾಸನೆ ಆಗುವುದಿಲ್ಲ. ನಾನು ಕೆಲಸ ಮಾಡುವ ಶಾಲೆಯ ಆಫೀಸಿನಲ್ಲಿ ಯಾರಾದರೂ ಡಬ್ಬಿ ತೆರೆದು ಹಿತಕಿದ ಅವರೆಬೇಳೆ ಸಾರು ಬಡಿಸಲು ಬಂದರೆ, ಗ್ಯಾಸ್ಟ್ರಿಕ್ ಎಂದು ಹೇಳಿ ಎದ್ದುಬಿಡುತ್ತೇನೆ. ಏಳು ವರ್ಷದಿಂದ ಇದೇ ಸುಳ್ಳು.

ಹೋದ ವಾರ ಅತ್ತೆಯ ವರ್ಷದ ಕಾರ್ಯಕ್ಕೆಂದು ಊರಿಗೆ ಹೋಗಿದ್ದೆವು. ದೊಡ್ಡಬೆಳವಂಗಲದಿಂದ ಮೂರು ಕಿಲೋಮೀಟರ್ ಒಳಗಿರುವ ಊರು. ಬಸ್ಸಿಳಿದು ಮನೆ ಮುಟ್ಟುವಾಗಲೇ ಮೂಗಿಗೆ ಬಡಿಯಿತು. ಜಗಲಿಯ ಮೇಲೆ ಎರಡು ಮೂಟೆ ಅವರೆಕಾಯಿ ಸುರಿದಿದ್ದರು. ಮಾರನೆಯ ದಿನದ ಅಡುಗೆಗೆ ಸುಲಿಯಬೇಕಿತ್ತು. ನಾನು ಬ್ಯಾಗು ಒಳಗಿಟ್ಟು ಬರುವಷ್ಟರಲ್ಲಿ ನನ್ನ ಮಗಳು ಜಾನು, ಹತ್ತು ವರ್ಷದವಳು, ಆ ರಾಶಿಯ ಮುಂದೆ ಕಾಲು ಮಡಚಿ ಕೂತು ಮೊರಕ್ಕೆ ಕಾಳು ಬಿಡಿಸುತ್ತಿದ್ದಳು. ಅವಳ ಮಡಿಲಲ್ಲೂ ಒಂದಿಷ್ಟು ಕಾಳು ಬಿದ್ದಿತ್ತು. ಅದನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಅವಳಿಗೆ ಹೇಳಬೇಕಾದ ಮಾತೊಂದು ಏಳು ವರ್ಷದಿಂದ ನನ್ನ ಗಂಟಲಲ್ಲಿ ಕೂತಿತ್ತು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನ್ನಿಸಿತು.

ಏಳು ವರ್ಷದ ಹಿಂದೆ ನಾವು ಊರಿನಲ್ಲೇ ಇದ್ದೆವು. ಎರಡನೆಯ ಹೆರಿಗೆಯಾದ ಮೇಲೆ ನಾನು ಕೆಲಸ ಬಿಟ್ಟಿದ್ದೆ. ನಮ್ಮ ಯಜಮಾನರದು ದೊಡ್ಡಬಳ್ಳಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಬಾಡಿಗೆ ಮನೆ ಬಿಟ್ಟು ಒಂದು ವರ್ಷ ಅಮ್ಮನ ಜೊತೆ ಇರೋಣ ಎಂದರು, ಬಂದೆವು. ನಾನು ನೆಲಮಂಗಲ ಪೇಟೆಯಲ್ಲಿ ಬೆಳೆದವಳು. ಹೊಲ ನೋಡಿದ್ದೆ, ಹೊಲದಲ್ಲಿ ಬಾಗಿರಲಿಲ್ಲ. ಜಾನುಗೆ ಆಗ ಮೂರು ದಾಟಿತ್ತು. ಪಾಪುವಿಗೆ, ಅಂದರೆ ಈಗಿನ ನಮ್ಮ ತೇಜುಗೆ, ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ಬೆನ್ನಿಗೆ ದಿಂಬು ಕೊಟ್ಟರೆ ಕೂರುತ್ತಿದ್ದ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತಿದ್ದ.

ಮಳೆ ತಡವಾಗಿ ಬಂದ ವರ್ಷ ಅದು. ರಾಗಿ ಕೊಯ್ಲು ತಡವಾಯಿತು. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ, ಕೊಯ್ಲಾದ ಮೇಲೂ ಕೂಳೆಯ ಮಧ್ಯೆ ಹೂವು ಕಾಯಿ ಹೊತ್ತು ನಿಂತಿತ್ತು. ಬಿಡಿಸುವುದಕ್ಕೆ ಆಳು ಸಿಗುತ್ತಿರಲಿಲ್ಲ. ಅತ್ತೆ ಒಬ್ಬರೇ ಬೆಳಿಗ್ಗೆ ಏಳಕ್ಕೆ ಮಂಜಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಹೋದರೆ ಮಧ್ಯಾಹ್ನದವರೆಗೂ ಬಾಗಿಯೇ ಇರುತ್ತಿದ್ದರು. ನಾನೂ ಬರುತ್ತೇನೆ ಎಂದೆ. ಮಕ್ಕಳನ್ನು ಏನು ಮಾಡುತ್ತೀಯ ಎಂದು ಕೇಳಿದರು. ಕರೆದುಕೊಂಡೇ ಬರುತ್ತೇನೆ ಎಂದೆ.

ಅತ್ತೆ ನಕ್ಕರು. "ನಾನು ಮೂರು ಮಕ್ಕಳ್ನೂ ಆ ಹೊಂಗೆ ಮರದ ಕೆಳ್ಗೇ ಸಾಕಿದ್ದು ಕಣಮ್ಮ. ನಿಮ್ ಕಾಲ್ದೋರ್ ಕೈಲಿ ಆಗಲ್ಲ ಬಿಡು. ಮನೇಲಿರು."

ಅವರು ಅಂದದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಚುರುಕ್ ಎಂದಿತು. ನನ್ನ ಸ್ವಭಾವವೇ ಅಂಥದ್ದು. ಯಾರಾದರೂ ಆಗಲ್ಲ ಎಂದರೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ, ಆಮೇಲೆ ಮಾಡಿ ತೋರಿಸುವ ತನಕ ಅನ್ನ ಸೇರುವುದಿಲ್ಲ. ಆವತ್ತು ಮೊಬೈಲಿನಲ್ಲಿ ಕೂತು, ಎಳೆ ಮಗುವನ್ನು ಬಯಲಿನಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಒಂದಾದ ಮೇಲೊಂದು ವಿಡಿಯೊ ನೋಡಿದೆ. ನೆರಳು ಯಾವಾಗ ಎತ್ತ ಸರಿಯುತ್ತದೆ, ಟೊಪ್ಪಿಗೆ ಎಂಥದ್ದು, ಸೊಳ್ಳೆ ಪರದೆ ಹೇಗೆ ಮುಚ್ಚಬೇಕು, ಎಷ್ಟೆಷ್ಟು ಹೊತ್ತಿಗೆ ಹಾಲು, ಎಲ್ಲ ಬರೆದುಕೊಂಡೆ. ಒಂದು ವಿಡಿಯೊದ ಹೆಂಗಸು ನಗುನಗುತ್ತ ಹೇಳಿದ್ದಳು: ದೊಡ್ಡ ಮಗುವಿಗೆ ಹೊಟ್ಟೆಕಿಚ್ಚು ಬಾರದಿರಬೇಕಾದರೆ ಅದಕ್ಕೊಂದು ಸಣ್ಣ ಜವಾಬ್ದಾರಿ ಕೊಡಿ, ಅದು ಆಟವಾಡುತ್ತಲೇ ನಿಮಗೆ ಸಹಾಯ ಮಾಡುತ್ತದೆ. ಎಂಥ ಒಳ್ಳೆಯ ಮಾತು ಅನ್ನಿಸಿತು.

ಮೊದಲ ದಿನ ಹೊಲಕ್ಕೆ ನಾವು ಹೊರಟದ್ದು ಜಾತ್ರೆಗೆ ಹೊರಟ ಹಾಗಿತ್ತು. ಚಾಪೆ, ದಿಂಬು, ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಸೊಳ್ಳೆ ಪರದೆ, ಫ್ಲಾಸ್ಕು, ಜಾನುವಿನ ಪ್ಲಾಸ್ಟಿಕ್ ಬಕೆಟ್ಟು. ಅತ್ತೆ ಬದುವಿನ ಹೊಂಗೆ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿಕೊಟ್ಟರು. ಚಾಪೆ ಹಾಸಿದ ಮೇಲೆ ಮನೆಯಿಂದ ತಂದ ಒಲೆ ಬೂದಿಯನ್ನು ಅದರ ಸುತ್ತ ಒಂದು ಗೆರೆಯಾಗಿ ಉದುರಿಸಿದರು. ಇರುವೆ, ಗೊದ್ದ ಒಳಗೆ ಬರದಿರಲಿ ಎಂದು. ಈ ಉಪಾಯ ಯಾವ ವಿಡಿಯೊದಲ್ಲೂ ಇರಲಿಲ್ಲ, ಇರುವೆ ನಿಜಕ್ಕೂ ಬರಲಿಲ್ಲ.

ಪಾಪುವಿನ ಬಲಗೈಗೆ ಅತ್ತೆ ಬಜೆ ಬಳೆ ಕಟ್ಟಿದ್ದರು. ಬಜೆ ಬೇರನ್ನು ಸಣ್ಣ ಸಣ್ಣ ತುಂಡು ಮಾಡಿ ಕಪ್ಪು ದಾರದಲ್ಲಿ ಪೋಣಿಸಿದ್ದು. ಮಗು ರಚ್ಚೆ ಹಿಡಿದಾಗ ಆ ಕೈಯನ್ನು ಅದರ ಬಾಯಿಗೆ ಹಿಡಿದರೆ ಬಳೆ ಚೀಪುತ್ತದೆ, ಕಹಿಗೆ ಮುಖ ಕಿವುಚುತ್ತದೆ, ಮತ್ತೆ ಚೀಪುತ್ತದೆ, ಅಳು ಮರೆಯುತ್ತದೆ. ಜಾನುಗೆ ಬಜೆ ಎಂಬ ಹೆಸರು ನಾಲಗೆಗೆ ಹತ್ತಲಿಲ್ಲ. ಆ ತುಂಡುಗಳು ಅವಳ ಕಣ್ಣಿಗೆ ಕಾಳಿನ ಹಾಗೆ ಕಂಡವು. ಕಾಳು ಬಳೆ ಎಂದಳು. ಎರಡು ದಿನದಲ್ಲಿ ಬಳೆ ಬಿಟ್ಟುಹೋಗಿ ಬರೀ ಕಾಳು ಆಯಿತು. ನನಗೂ ಅದೇ ಬಾಯಿಗೆ ಬಂತು. ಅತ್ತೆ ಮಾತ್ರ ಬಜೆ ಎಂದೇ ಅನ್ನುತ್ತಿದ್ದರು. ಕಾಳು ಎಂಬುದು ನಮ್ಮಿಬ್ಬರದೇ ಮಾತಾಗಿತ್ತು.

ಜಾನುವಿಗೆ ನಾನು ಕೊಟ್ಟ ಜವಾಬ್ದಾರಿ ಇದೇ. ಅವಳು ಮರದ ಸುತ್ತ ಮಣ್ಣು ಗೋರಿಕೊಂಡು, ಬಕೆಟ್ಟಿಗೆ ಕಾಯಿ ತುಂಬಿಕೊಂಡು, ಸುಲಿದುಕೊಂಡು ಆಡುತ್ತಿರುತ್ತಿದ್ದಳು. ಪಾಪು ರಾಗ ತೆಗೆದರೆ ನಾನು ಸಾಲಿನಿಂದಲೇ ಕೂಗುತ್ತಿದ್ದೆ: "ಜಾನೂ, ಪಾಪು ಬಾಯಿಗೆ ಕಾಳು ಇಡೇ." ಅವಳು ಆಟ ಬಿಟ್ಟು ಓಡಿ, ಬೂದಿ ಗೆರೆಯನ್ನು ತುಳಿಯದೆ ದಾಟಿ, ತಮ್ಮನ ಕೈ ಎತ್ತಿ ಬಳೆಯನ್ನು ಅವನ ಬಾಯಿಗೆ ಹಿಡಿಯುತ್ತಿದ್ದಳು. ಅವನು ಮುಖ ಕಿವುಚಿದರೆ ಇವಳಿಗೆ ನಗುವೋ ನಗು. "ಇಟ್ಟೆ ಅಮ್ಮಾ" ಎಂದು ಕೂಗಿ ಹೇಳುತ್ತಿದ್ದಳು. ಹದಿನೈದು ದಿನ ಹೀಗೇ ನಡೆಯಿತು. ಅತ್ತೆ ಕೂಡ ಒಂದು ದಿನ, ಪರವಾಗಿಲ್ಲ ಕಣೆ, ಅಕ್ಕ ತಮ್ಮನ್ನ ಸಾಕ್ತಾಳೆ ಎಂದರು. ನಾನು ಆವತ್ತು ಇಡೀ ದಿನ ಜಂಭದಲ್ಲಿ ಕಾಯಿ ಬಿಡಿಸಿದೆ.

ಆ ಹದಿನೈದು ದಿನ ಚೆನ್ನಾಗಿದ್ದವು, ಅದನ್ನೂ ಹೇಳಬೇಕು. ಒಂಬತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಂದರೆ ಹೊಲವೆಲ್ಲ ಹಬೆಯಾಡುತ್ತಿತ್ತು. ಜಾನು ಒಂದೇ ಸಮ ಮಾತಾಡುತ್ತಿದ್ದಳು. ತಮ್ಮನಿಗೆ ಕಾಗೆ ತೋರಿಸುತ್ತಿದ್ದಳು, ಬಕೆಟ್ಟು ತೋರಿಸುತ್ತಿದ್ದಳು, ತನ್ನ ಮಂಡಿಯ ಗಾಯ ತೋರಿಸುತ್ತಿದ್ದಳು. ಅವನು ಕೇಕೆ ಹಾಕುತ್ತಿದ್ದ. ನನ್ನ ಇಬ್ಬರು ಮಕ್ಕಳೂ ಒಟ್ಟಿಗೆ ನಕ್ಕಿದ್ದನ್ನು ನಾನು ಕೇಳಿದ್ದು ಆ ಹೊಂಗೆ ಮರದ ಕೆಳಗೇ.

ಹದಿನಾರನೆಯ ದಿನ ಶನಿವಾರ. ಬೆಳಿಗ್ಗೆ ಪಾಪುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಬಜೆ ಬಳೆ ಬಿಚ್ಚಿ ಬಚ್ಚಲ ಗೂಡಿನಲ್ಲಿ ಇಟ್ಟೆ. ಮತ್ತೆ ಕಟ್ಟುವುದು ಮರೆತೆ. ಹೊಲಕ್ಕೆ ಬಂದ ಮೇಲೂ ಅದರ ನೆನಪಾಗಲಿಲ್ಲ. ಗೂಡ್ಸ್ ಆಟೊ ಹತ್ತು ಗಂಟೆಗೆ ಬರುವುದಿತ್ತು, ಮೂಟೆ ತುಂಬಿರಲಿಲ್ಲ. ಅತ್ತೆ ತುಂಬಿದ ಮೂಟೆಗಳ ಬಾಯಿ ಹೊಲಿದು, ಆಟೊದವನನ್ನು ನಿಲ್ಲಿಸಲು ರಸ್ತೆಯ ಕಡೆ ಹೋದರು. ನಾನು ಕೊನೆಯ ಮೂಟೆಗೆಂದು ಗಬಗಬ ಬಿಡಿಸುತ್ತಿದ್ದೆ. ಪಾಪು ಅಳಲು ಶುರುಮಾಡಿದ. ಹಸಿವಲ್ಲ, ಆಗ ತಾನೇ ಹಾಲು ಕುಡಿದಿದ್ದ. ನಾನು ತಲೆ ಎತ್ತದೆ ಎಂದಿನಂತೆ ಕೂಗಿದೆ, ಜಾನು, ಬಾಯಿಗೆ ಕಾಳು ಇಡೇ ಎಂದು.

ಅವಳು ಹೋದಳು. ಕೈ ನೋಡಿದಳು, ಬಳೆ ಇಲ್ಲ. ಅಲ್ಲಿಂದಲೇ ಕೇಳಿದಳು.

"ಯಾವ ಕಾಳಮ್ಮ?"

ಅದು ಸರಿಯಾದ ಪ್ರಶ್ನೆ. ಮೂರು ವರ್ಷದ ಮಗು ಕೇಳಬಹುದಾದ ಅತ್ಯಂತ ಬುದ್ಧಿವಂತ ಪ್ರಶ್ನೆ. ನಾನು ತಲೆ ಎತ್ತಿದ್ದರೆ ಸಾಕಿತ್ತು. ನನಗೆ ರೇಗಿತು.

"ಅದೇ ಕಾಳು ಕಣೇ, ಇಡೇ ಬೇಗ."

ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಅಳು ನಿಂತದ್ದಕ್ಕೆ ನನಗೆ ಸಮಾಧಾನವಾಯಿತು. ಸಮಾಧಾನದಲ್ಲಿ ಇನ್ನೂ ಎರಡು ಗಿಡದ ಕಾಯಿ ಬಿಡಿಸಿದೆ. ಆಮೇಲೆ, ಇವಳು "ಇಟ್ಟೆ ಅಮ್ಮಾ" ಎಂದು ಕೂಗಲಿಲ್ಲವಲ್ಲ ಅನ್ನಿಸಿ ತಿರುಗಿ ನೋಡಿದೆ.

ಜಾನು ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದಳು. ಪಾಪುವಿನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ನಾನು ಓಡಿ ಎತ್ತಿಕೊಂಡಾಗ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಷ್ಟೆಲ್ಲ ವಿಡಿಯೊ ನೋಡಿದ್ದೆನಲ್ಲ, ಆ ಹೊತ್ತಿಗೆ ಒಂದೂ ನೆನಪಿಗೆ ಬರಲಿಲ್ಲ. ಅತ್ತೇ ಎಂದು ಕಿರುಚಿದ್ದಷ್ಟೇ. ಅತ್ತೆ ಆ ವಯಸ್ಸಿನಲ್ಲಿ ಕೂಳೆಯ ಮೇಲೆ ಬರಿಗಾಲಿನಲ್ಲಿ ಹೇಗೆ ಓಡಿಬಂದರೋ, ಮಗುವನ್ನು ಕಿತ್ತುಕೊಂಡು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಹೊಡೆದರು. ನಾಲ್ಕನೆಯದೋ ಐದನೆಯದೋ ಏಟಿಗೆ ಜೊಲ್ಲಿನ ಜೊತೆ ಒಂದು ಕಾಳು ಚಾಪೆಯ ಮೇಲೆ ಬಿತ್ತು. ಪಾಪು ಉಸಿರೆಳೆದುಕೊಂಡು ಅತ್ತ. ಅತ್ತೆ ಅವನನ್ನು ಎದೆಗೆ ಒತ್ತಿಕೊಂಡು ಕುಸಿದು ಕೂತರು. ಅವರ ಕಾಲಿನಿಂದ ರಕ್ತ ಬರುತ್ತಿತ್ತು.

"ಯಾರು ಕೊಟ್ಟಿದ್ದು ಇದ್ನ?"

ನನಗೆ ಆಗ ಎಲ್ಲ ಗೊತ್ತಾಗಿತ್ತು. ಬಚ್ಚಲ ಗೂಡು, ಬಳೆ, ನಾನು ಕೂಗಿದ್ದು, ಅವಳು ಕೇಳಿದ್ದು. ಎಲ್ಲ ಒಂದೇ ಕ್ಷಣದಲ್ಲಿ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಿಮ್ಮ ಕಾಲದವರ ಕೈಯಲ್ಲಿ ಆಗಲ್ಲ ಎಂದಿದ್ದ ಅದೇ ಮುಖ.

"ಇವಳೇ" ಎಂದೆ.

ಮೂರಕ್ಷರದ ಸಣ್ಣ ಮಾತು. ಸುಳ್ಳೂ ಅಲ್ಲ. ಆದರೆ ಅದರ ಹಿಂದೆ ಬರಬೇಕಾಗಿದ್ದ ಮಾತನ್ನು ನುಂಗಿಬಿಟ್ಟೆ.

ಜಾನು ನನ್ನ ಸೀರೆ ಹಿಡಿದು ಎರಡು ಬೆರಳು ತೋರಿಸಿದಳು. "ಎಲ್ಡು ಕೊಟ್ಟೆ ಅಮ್ಮ" ಎಂದಳು. ಅವಳು ಬಾಯಿ ಬಿಟ್ಟರೆ ಮುಂದಿನ ಮಾತು ನೀನೇ ಹೇಳಿದೆಯಲ್ಲ ಎಂದಾಗುತ್ತದೆ ಎಂಬ ಭಯ ನನಗೆ. ಅವಳ ಕೆನ್ನೆಗೆ ಹೊಡೆದೆ. ಅದುವರೆಗೆ ನಾನು ಅವಳ ಮೇಲೆ ಕೈ ಮಾಡಿರಲಿಲ್ಲ. ಅವಳು ಅಳಲಿಲ್ಲ, ಬೆರಳು ಎರಡನ್ನೂ ಮಡಚಿಕೊಂಡಳು.

ಚಾಪೆಯ ಮೇಲೆ ಬಿದ್ದದ್ದು ಇಡೀ ಕಾಳಲ್ಲ, ಅರ್ಧ ಹೋಳು. ಅದನ್ನು ನಾನು ನೋಡಿದ್ದೆ. ಇನ್ನರ್ಧ ಇವಳೇ ತಿಂದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಮಗು ಹಾಲು ಕುಡಿಯಿತು, ಮಲಗಿತು. ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. ನಾಲ್ಕನೆಯ ದಿನ ಕೆಮ್ಮು ಬಂತು, ಆಮೇಲೆ ಜ್ವರ, ಉಸಿರಾಡಿದರೆ ಸೀಟಿಯ ಹಾಗೆ ಸದ್ದು. ಮಂಜಿಗೆ ನೆಗಡಿಯಾಗಿದೆ ಎಂದು ಎರಡು ದಿನ ಕಳೆದೆವು. ಆರನೆಯ ದಿನ ದೊಡ್ಡಬಳ್ಳಾಪುರದ ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಮಗು ಏನಾದರೂ ನುಂಗಿತ್ತಾ ಎಂದು ಕೇಳಿದರು. ಅವರು ಚೀಟಿ ಬರೆದುಕೊಟ್ಟ ಮೇಲೆ ಬೆಂಗಳೂರಿಗೆ ಓಡಿದೆವು.

ಇನ್ನರ್ಧ ಹೋಳು ಬಲಗಡೆಯ ಶ್ವಾಸನಾಳದಲ್ಲಿ ಕೂತಿತ್ತು. ನೆಂದು ಊದಿಕೊಂಡಿತ್ತು. ಮಗುವಿಗೆ ಮತ್ತು ಬರಿಸಿ, ಕೊಳವೆ ಇಳಿಸಿ ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಹೇಳುವುದಕ್ಕಾಗುತ್ತಿರಲಿಲ್ಲ ಎಂದರು. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ನಮಗೆ ತೋರಿಸಿದರು. ಅಲ್ಲಿ, ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಅವಳ ಎರಡು ಬೆರಳು ಅರ್ಥವಾಯಿತು. ತಮ್ಮನಿಗೆ ಹಲ್ಲಿಲ್ಲ ಎಂದು ಅವಳು ಕಾಳನ್ನು ಕಚ್ಚಿ ಎರಡು ಮಾಡಿದ್ದಳು. ಬಾಳೆಹಣ್ಣನ್ನು ನಾನು ಹಾಗೇ ಮಾಡಿ ಕೊಡುವುದನ್ನು ನೋಡಿದ್ದಳು. ಎರಡೂ ಕೊಟ್ಟೆ ಎಂದು ಹೇಳಿಯೂ ಹೇಳಿದ್ದಳು. ಕೇಳಿಸಿಕೊಂಡಿದ್ದರೆ ಆವತ್ತೇ ಆಸ್ಪತ್ರೆಗೆ ಬರುತ್ತಿದ್ದೆವು. ಹೊಡೆದು ಸುಮ್ಮನಾಗಿಸಿದವಳು ನಾನು.

ಡಾಕ್ಟರು ಹೇಗಾಯಿತು ಎಂದು ಕೇಳಿದರು. ಪಕ್ಕದಲ್ಲಿ ಅತ್ತೆ ಇದ್ದರು, ಯಜಮಾನರಿದ್ದರು. ದೊಡ್ಡ ಮಗು ತಿಳಿಯದೆ ಕೊಟ್ಟುಬಿಟ್ಟಿದೆ ಎಂದೆ. ಎರಡನೆಯ ಸಲ ಹೇಳುವಾಗ ಅಷ್ಟೇನೂ ಕಷ್ಟವಾಗಲಿಲ್ಲ.

ಊರಿಗೆ ಬಂದ ಮೇಲೆ ನಾನು ಮತ್ತೆ ಹೊಲಕ್ಕೆ ಹೋಗಲಿಲ್ಲ. ಅಂಗಳದಲ್ಲೇ ಚಾಪೆ ಹಾಸಿ ಮಗುವನ್ನು ಬಿಸಿಲಿಗೆ ಕೂರಿಸುತ್ತಿದ್ದೆ. ಅತ್ತೆ ಅಲ್ಲೂ ಬೂದಿ ಗೆರೆ ಎಳೆದರು. ಆದರೆ ಈ ಸಲ ಜಾನುವನ್ನು ಕರೆದು, ಇದನ್ನು ದಾಟಬೇಡ ಮಗಳೇ ಎಂದರು. ಗದರಲಿಲ್ಲ. ಮೆತ್ತಗೇ ಹೇಳಿದರು. ಅವರಿಗೆ ಮೊಮ್ಮಗನ ಪ್ರಾಣದ ಭಯ. ಜಾನು ಗೆರೆಯ ಆಚೆ ಕೂತು ಆಡುತ್ತಿದ್ದಳು. ಪಾಪು ಅವಳ ಕಡೆ ಕೈ ಚಾಚಿ ಕೇಕೆ ಹಾಕಿದರೆ ಬಕೆಟ್ಟನ್ನು ದೂರದಿಂದಲೇ ಎತ್ತಿ ತೋರಿಸುತ್ತಿದ್ದಳು. ಒಂದು ದಿನ ಗಾಳಿಗೆ ಬೂದಿ ಹಾರಿಹೋಗಿತ್ತು. ಗೆರೆ ಎಲ್ಲಿತ್ತೋ ಅಲ್ಲಿಗೇ ನಿಂತುಬಿಟ್ಟಳು. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಬಾರೇ, ದಾಟಿ ಬಾ ಎನ್ನಬಹುದಿತ್ತು. ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಮಗುವನ್ನು ನೋಡಲು ಬಂದವರಿಗೆಲ್ಲ ಅತ್ತೆ ಕಥೆ ಹೇಳುತ್ತಿದ್ದರು. ಮೊದಮೊದಲು ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ವರ್ಷಗಳಾದ ಮೇಲೆ ಅದು ನಗುವ ಕಥೆಯಾಯಿತು, ನಮ್ಮನೆ ಕಾಳಮ್ಮ ಇವಳೇ ನೋಡಿ ಎಂದು ಜಾನುವಿನ ತಲೆ ಸವರುತ್ತಿದ್ದರು. ಯಜಮಾನರೂ ನಗುತ್ತಿದ್ದರು. ಜಾನುವೂ ನಗುತ್ತಿದ್ದಳು. ನಡೆದದ್ದು ಅವಳಿಗೆ ನೆನಪಿಲ್ಲ, ಕೇಳಿದ ಕಥೆಯೇ ಅವಳ ನೆನಪಾಯಿತು. ನಾನೂ ನಗುತ್ತಿದ್ದೆ, ದೇವರು ನನ್ನನ್ನು ಕ್ಷಮಿಸುವುದಾದರೆ ಆ ನಗುವನ್ನು ಕ್ಷಮಿಸಬೇಕು.

ನಾವು ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದ ಮೇಲೆ ತೇಜುವಿನ ಆರನೆಯ ಹುಟ್ಟುಹಬ್ಬ ಬಂತು. ಎಲ್ಲ ಮಕ್ಕಳೂ ಅವನ ಬಾಯಿಗೆ ಕೇಕು ತುರುಕಿದರು. ಜಾನು ತುಂಡನ್ನು ಅವನ ಅಂಗೈಗೆ ಇಟ್ಟಳು. ಪಕ್ಕದ ಮನೆಯಾಕೆ, ಬಾಯಿಗೆ ಇಡಮ್ಮ, ಫೋಟೊ ತೆಗೆಯುತ್ತೇನೆ ಎಂದರು.

"ನಾನು ಅವನ ಬಾಯಿಗೆ ಏನೂ ಇಡಲ್ಲ ಆಂಟಿ" ಎಂದಳು ಜಾನು, ತಾನು ಯಾವ ಕ್ಲಾಸು ಎಂದು ಹೇಳುವ ಧ್ವನಿಯಲ್ಲಿ. "ಚಿಕ್ಕೋಳಿದ್ದಾಗ ಒಂದ್ಸಲ ಸಾಯಿಸ್ಬಿಡ್ತಿದ್ದೆ."

ನಾನು ಕೈಯಲ್ಲಿದ್ದ ಚಾಕುವನ್ನು ತಟ್ಟೆಯಲ್ಲಿಟ್ಟೆ. ಆಗ ಲೆಕ್ಕ ಹಾಕಿ ನೋಡಿದೆ. ಆ ಐದೂವರೆ ವರ್ಷದಲ್ಲಿ ಅವಳು ತಮ್ಮನಿಗೆ ಒಂದು ತುತ್ತು ತಿನ್ನಿಸಿದ್ದನ್ನು ನಾನು ನೋಡಿರಲಿಲ್ಲ. ಚಾಕೊಲೇಟು ಕೊಟ್ಟರೂ ಅಂಗೈಗೆ. ಮಾತ್ರೆಯೂ ಅಂಗೈಗೆ.

ಅದಾದ ಮೇಲೆ ಬಂದ ಅವರೆ ಕಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಕೊನೆಯ ದಿನ ಮಧ್ಯಾಹ್ನ ಎಲ್ಲರೂ ಸೇರಿದ್ದೆವು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಗೊತ್ತಾಗಿ, ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಟ್ಟರು. ಮಕ್ಕಳ ಸರದಿ ಬಂತು. ತೇಜು ಬಿಟ್ಟ. ಅತ್ತೆ ಕಣ್ಣು ತೆರೆದು ಜಾನುವನ್ನು ಹುಡುಕಿದರು. "ನೀನೂ ಬಿಡವ್ವ" ಎಂದರು. ಅದು ಅವರು ಆಡಿದ ಕೊನೆಯ ಮಾತು. ಜಾನು ಚಮಚ ಹಿಡಿದು ಹಾಸಿಗೆಯ ತನಕ ಹೋದಳು. ಚಮಚವನ್ನು ಅಜ್ಜಿಯ ಅಂಗೈಗೆ ಇಟ್ಟಳು. ಆ ಕೈಗೆ ಹಿಡಿಯುವ ಶಕ್ತಿ ಇರಲಿಲ್ಲ, ನೀರು ಚೆಲ್ಲಿ ಹಾಸಿಗೆ ನೆನೆಯಿತು. ನೆಂಟರಲ್ಲಿ ಯಾರೋ, ಎಂಥ ಮೊಂಡು ಹುಡುಗಿ, ಸಾಯೋ ಮುದುಕಿ ಬಾಯಿಗೆ ನೀರು ಬಿಡಲ್ಲ ಅಂತಾಳೆ ಎಂದು ಗೊಣಗಿದರು. ಜಾನು ಹಿತ್ತಲಿಗೆ ಓಡಿಹೋದಳು. ನಾನು ಅತ್ತೆಯ ತಲೆಯ ಬಳಿ ಕೂತಿದ್ದೆ. ಆಗಲೂ ಹೇಳಲಿಲ್ಲ. ಎಲ್ಲರೆದುರು ಬೇಡ, ಆಮೇಲೆ ಹೇಳೋಣ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅತ್ತೆ ಹೋದರು.

ಇವೆಲ್ಲ ಹೋದ ವಾರ ಆ ಕಾಯಿ ರಾಶಿಯ ಮುಂದೆ ನಿಂತಾಗ ಮತ್ತೆ ಕಣ್ಣಿಗೆ ಕಟ್ಟಿದವು. ಸಂಜೆಗೆ ವಾರಗಿತ್ತಿ ಒಂದಿಷ್ಟು ಕಾಯಿಯನ್ನು ಉಪ್ಪು ಹಾಕಿ ಬೇಯಿಸಿ ತಟ್ಟೆಯಲ್ಲಿ ಕೊಟ್ಟಳು. ತಟ್ಟೆ ಹಿಡಿದುಕೊಂಡು, ಹೊಲದ ತನಕ ಹೋಗಿ ಬರೋಣ ಬಾ ಎಂದು ಜಾನುವನ್ನು ಕರೆದೆ. ತೇಜು ನಮಗಿಂತ ಮುಂದೆ ಓಡಿದ. ಹೊಂಗೆ ಮರ ಹಾಗೇ ಇತ್ತು. ಜೋಲಿ ಕಟ್ಟಿದ ಕೊಂಬೆಯ ತೊಗಟೆಯಲ್ಲಿ ಸೀರೆ ಉಜ್ಜಿದ ಗುರುತು ನನ್ನ ಕಣ್ಣಿಗೆ ಕಂಡಿತು, ಅಥವಾ ಕಂಡಂತೆ ಅನ್ನಿಸಿತು. ತೇಜು ರಾಗಿ ಕೂಳೆಯ ಮೇಲೆ ಕೊಕ್ಕರೆ ಅಟ್ಟುತ್ತಿದ್ದ. ಬೇರಿನ ಮೇಲೆ ನಾವಿಬ್ಬರೂ ಕೂತೆವು.

ಎಲ್ಲ ಹೇಳಿದೆ. ಬಜೆ ಬಳೆಗೆ ಅವಳಿಟ್ಟ ಹೆಸರು, ನಾನು ಅದನ್ನು ಗೂಡಿನಲ್ಲಿ ಮರೆತದ್ದು, ಅವಳು ಯಾವ ಕಾಳು ಎಂದು ಕೇಳಿದ್ದು, ನಾನು ರೇಗಿದ್ದು. ಅವಳು ಎರಡು ಬೆರಳು ತೋರಿಸಿದ್ದು, ನಾನು ಹೊಡೆದದ್ದು. ಬಿಕ್ಕಿದೆನಾದರೂ ನಿಲ್ಲಿಸಲಿಲ್ಲ. "ನೀನು ನಾನು ಹೇಳಿದ್ದನ್ನೇ ಮಾಡ್ದೆ ಕಣೇ" ಎಂದೆ. "ತಪ್ಪು ನಂದು. ನಿಂದು ಏನೂ ಇಲ್ಲ."

ಜಾನು ಕಾಯಿ ಬಿಡಿಸುತ್ತಲೇ ಕೇಳಿದಳು. ಸಿಪ್ಪೆಯನ್ನು ಒಂದರ ಪಕ್ಕ ಒಂದು ಜೋಡಿಸಿಡುತ್ತಿದ್ದಳು. ನಾನು ಮುಗಿಸಿದ ಮೇಲೂ ಜೋಡಿಸುತ್ತಲೇ ಇದ್ದಳು. ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅಜ್ಜಿಗೆ ಗೊತ್ತಿತ್ತಾ?" ಎಂದಳು.

ಇಲ್ಲ ಎಂದೆ.

ಇನ್ನೊಂದು ಕಾಯಿ ಬಿಡಿಸಿದಳು.

"ಹಂಗಾದ್ರೆ ಅಜ್ಜಿಗೆ ನಾನು ನೀರು ಬಿಡ್ಬಹುದಿತ್ತು."

ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳು ಕೊಡವಿಕೊಳ್ಳಲಿಲ್ಲ, ಹತ್ತಿರಕ್ಕೂ ಸರಿಯಲಿಲ್ಲ. ಬಿಸಿಲು ಇಳಿದು ಆಗಲೇ ಥಂಡಿ ಶುರುವಾಗಿತ್ತು.

ಅಷ್ಟರಲ್ಲಿ ತೇಜು ಏದುಸಿರು ಬಿಡುತ್ತ ಓಡಿಬಂದ. ಥಂಡಿಯಲ್ಲಿ ಓಡಿದರೆ ಅವನ ಎದೆಯಲ್ಲಿ ಈಗಲೂ ಸಣ್ಣಗೆ ಸೀಟಿ ಕೇಳಿಸುತ್ತದೆ. ಎರಡೂ ಕೈಯಲ್ಲಿ ಮಣ್ಣು. ಅಕ್ಕನ ಮುಂದೆ ಮಂಡಿಯೂರಿ, ಕೈ ಕೊಳೆಯಾಗಿದೆ ಎಂದು ತೋರಿಸಿ, ಆ ಎಂದು ಬಾಯಿ ತೆರೆದ. ಜಾನು ಎರಡು ಕಾಳು ಬಿಡಿಸಿ ಬೆರಳ ತುದಿಯಲ್ಲಿ ಹಿಡಿದಳು. ಕೈ ಅವನ ಬಾಯಿಯ ತನಕ ಹೋಗಿ ಅಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು. ಪರವಾಗಿಲ್ಲ, ಬಾಯಿಗೇ ಇಡೇ ಎಂದು ಹೇಳಲು ಬಾಯಿ ತೆರೆದೆ. ಆವತ್ತು ಇದೇ ಮರದ ಕಡೆ ಕೂಗಿದ್ದ ಅದೇ ಮಾತು. ನನ್ನ ಬಾಯಿಂದ ಹೊರಡಲಿಲ್ಲ.

ಅವಳು ತನ್ನ ಲಂಗದ ಅಂಚಿನಿಂದ ಅವನ ಅಂಗೈ ಒರೆಸಿ ಕಾಳನ್ನು ಅಲ್ಲಿಟ್ಟಳು. ಅವನು ತಾನೇ ಬಾಯಿಗೆ ಹಾಕಿಕೊಂಡ. ಅವನು ಜಗಿದು ನುಂಗುವ ತನಕ ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು.